'ನೆವರ್' ಎನ್ನಲಾರದ ನಾಲಿಗೆ

ಸೋಲೊ ಊರಿನ ಹಾರ್ಜೊ ಮೇಷ್ಟ್ರ ಇಂಗ್ಲಿಷ್ ತರಗತಿಯಲ್ಲಿ ವೆನಿಂಗ್ ಎಂಬ ಹುಡುಗಿಗೆ ಹೆದರಿಕೆಯೆಂಬುದೇ ಇರಲಿಲ್ಲ. ಫ್ರೇಸಲ್ ವರ್ಬುಗಳನ್ನು ಕಂಡರೆ ಉಳಿದವರು ತಲೆ ತಗ್ಗಿಸುತ್ತಿದ್ದರು, ಅವಳಿಗೆ ಅವೆಲ್ಲ ಅಜ್ಜಿಯ ಕಥೆಗಳಲ್ಲಿ ವೇಷ ಬದಲಿಸುವ ಮಾಯಾವಿಗಳಂತೆ ಕಾಣುತ್ತಿದ್ದವು. 'ಲುಕ್' ಎಂಬ ಒಂದೇ ಪದ 'ಆಫ್ಟರ್' ಜೊತೆ ಹೊರಟರೆ ದಾದಿ, 'ಡೌನ್ ಆನ್' ಜೊತೆ ಹೊರಟರೆ ಜಂಬದ ಅತ್ತೆ, 'ಫಾರ್ವರ್ಡ್ ಟು' ಜೊತೆ ಹೊರಟರೆ ಕಿಟಕಿಯಲ್ಲಿ ಕೂತು ದಾರಿ ಕಾಯುವ ಹುಡುಗಿ. ಪರ್ಫೆಕ್ಟ್ ಟೆನ್ಸಂತೂ ಇನ್ನೂ ಇಷ್ಟ. ನಿನ್ನೆ ಮುಗಿದಿದ್ದರೂ ಇವತ್ತಿನ ಸೆರಗು ಹಿಡಿದುಕೊಂಡೇ ಬರುವ ಕಾಲವದು.

ಅವಳಿಗೆ ಬಾರದ್ದು ಒಂದೇ ಪದ, 'ನೆವರ್'. 'ಹ್ಯಾವ್ ಯು ಎವರ್' ಎಂದು ಯಾರಾದರೂ ಶುರುಮಾಡಿದರೆ ಸಾಕು, ನಾಲಿಗೆ ತಾನಾಗಿ 'ನಾಟ್ ಯೆಟ್' ಎಂದುಬಿಡುತ್ತಿತ್ತು. ಆ ಊರಲ್ಲಿ ಮದುವೆಯಾಗಿದೆಯೇ ಎಂದು ಕೇಳಿದರೆ ಹಲ್ಲು ಉದುರಿದ ಕನ್ಯೆ ಕೂಡ ಇಲ್ಲ ಎನ್ನುವುದಿಲ್ಲ. ಅಲ್ಲಿನ ಭಾಷೆಯಲ್ಲಿ 'ಬೆಲುಮ್' ಎನ್ನುತ್ತಾಳೆ, ಅಂದರೆ ಇನ್ನೂ ಇಲ್ಲ. ಚಂದ್ರನ ಮೇಲೆ ಹೋಗಿದ್ದೀಯಾ ಎಂದು ಮೇಷ್ಟ್ರು ಕೇಳಿದಾಗಲೂ ವೆನಿಂಗ್ ಅದೇ ಉತ್ತರ ಕೊಟ್ಟಿದ್ದಳು.

"ಹಂಗಾದ್ರೆ ಟಿಕೆಟ್ ತಗೊಂಡಾಯ್ತೇನಮ್ಮ?" ಎಂದರು ಮೇಷ್ಟ್ರು.

ತರಗತಿ ನಕ್ಕಿತು. ಅವಳೂ ನಕ್ಕಳು. ಅಷ್ಟರಲ್ಲಿ ಅವಳ ಮನಸ್ಸು ಚಂದ್ರನ ಮೇಲೆ ಕಾಲೂರಿ, ಅಲ್ಲಿಂದ ಸೋಲೊ ಎಲ್ಲಿ ಕಾಣುತ್ತದೆಂದು ಹುಡುಕುತ್ತಿತ್ತು.

ಅರಮನೆ ಬೀದಿಯ ದೊಡ್ಡ ಹೋಟೆಲಿನಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಕೆಲಸ ಖಾಲಿಯಿತ್ತು. ಅದು ಸಿಕ್ಕರೆ ಲೋಕವೇ ತನ್ನ ಮೇಜಿನ ಮುಂದೆ ಬಂದು ನಿಲ್ಲುತ್ತದೆ, ಸಿಗದಿದ್ದರೆ ಸಂತೆಯಲ್ಲಿ ಚಿಕ್ಕಮ್ಮನ ಅಂಗಡಿಯ ಬಾಟಿಕ್ ಬಟ್ಟೆ ಮಡಿಸುತ್ತ ಕೂರಬೇಕು. ಸಂದರ್ಶನದ ದಿನ ವೆನಿಂಗ್ ಗೆಳತಿ ರಿರಿನ್ ಜೊತೆ ಹೋದಳು. ಮೊದಲ ಸರದಿ ವೆನಿಂಗ್‌ಳದೇ.

ಒಳಗೆ ಕೂತಿದ್ದವರು ಇಂಗ್ಲೆಂಡಿನಿಂದ ಬಂದ ಮ್ಯಾನೇಜರ್ ಮಿಸೆಸ್ ಫಿಂಚ್, ಬೆಳ್ಳಿ ಕೂದಲಿನ ಹೆಂಗಸು. ಕೇಳಿದ್ದಕ್ಕೆಲ್ಲ ವೆನಿಂಗ್ ಸಲೀಸಾಗಿ ಉತ್ತರಿಸಿದಳು. ಅತಿಥಿಯ ಸಿಟ್ಟನ್ನು ಹೇಗೆ ತಣಿಸುವಿರೆಂದಾಗ ಮೂರು ಫ್ರೇಸಲ್ ವರ್ಬುಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸಿಟ್ಟಳು. ಫಿಂಚ್ ಮೆಚ್ಚಿ ತಲೆಯಾಡಿಸಿದರು. ಹೊರಡುವ ಮುನ್ನ ಎಲ್ಲರನ್ನೂ ಕೇಳುವ ಮಾಮೂಲಿ ಪ್ರಶ್ನೆಯೊಂದಿದೆ ಎಂದು ನಗುತ್ತಲೇ ಕೇಳಿದರು: ನೀವು ಯಾವತ್ತಾದರೂ ಏನನ್ನಾದರೂ ಕದ್ದಿದ್ದೀರಾ?

"ನಾಟ್ ಯೆಟ್, ಮೇಡಂ" ಎಂದಳು ವೆನಿಂಗ್, ಬೆನ್ನು ನೆಟ್ಟಗೆ ಮಾಡಿ, ಸ್ಪಷ್ಟವಾದ ಉಚ್ಚಾರದಲ್ಲಿ.

ಫಿಂಚ್ ಅವರ ಪೆನ್ನು ನಿಂತಿತು. ನಗು ಮುಖದಲ್ಲೇ ಒಣಗಿತು. ಅವರು ನಿಧಾನವಾಗಿ ತಮ್ಮ ಕೈಚೀಲವನ್ನು ಮೇಜಿನ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಆ ಕೈಚೀಲದ ಪಯಣ ನೋಡಿದ ಮೇಲೆ ವೆನಿಂಗ್‌ಗೆ ತನ್ನ ಬಾಯಿಂದ ಏನು ಹೊರಟಿತೆಂದು ಹೊಳೆಯಿತು. ಕಿವಿ ಬಿಸಿಯಾಯಿತು. ಆದರೆ ಎದ್ದು ಓಡುವ ಹುಡುಗಿಯಲ್ಲ ಅವಳು. ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಂಡು, ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದಳು.

"ಮೇಡಂ, ನಮ್ಮ ಕಡೆ ಇಲ್ಲ ಅಂದ್ರೆ ಬಾಗಿಲು ಹಾಕಿದ ಹಾಗೆ. ಮದುವೆ, ಮಕ್ಕಳು, ಮನೆ, ಯಾವ್ದು ಯಾವಾಗ ಬರುತ್ತೋ ಅಂತ ಸ್ವಲ್ಪ ತೆರೆದೇ ಇಟ್ಟಿರ್ತೀವಿ. ಅಭ್ಯಾಸಬಲದಲ್ಲಿ ಕಳ್ಳತನಕ್ಕೂ ತೆರೆದಿಟ್ಬಿಟ್ಟೆ. ನಾನು ಕದ್ದಿಲ್ಲ. ಕದಿಯೋದೂ ಇಲ್ಲ. ನೆವರ್."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಪದ ಇಷ್ಟು ಹಗುರವೇ?

ಫಿಂಚ್ ಕೈಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು. ಆಮೇಲೆ ನಗುವಿನಿಂದ ಅವರ ಭುಜ ಕುಲುಕತೊಡಗಿತು.

"ಬಂದ ಹೊಸದ್ರಲ್ಲಿ ನಮ್ಮ ಡ್ರೈವರನ್ನ ಕೇಳಿದ್ದೆ, ಯಾವತ್ತಾದ್ರೂ ಆಕ್ಸಿಡೆಂಟ್ ಮಾಡಿದ್ದೀಯಾ ಅಂತ. ಇನ್ನೂ ಇಲ್ಲ ಅಂದ. ವಾರವಿಡೀ ನಡ್ಕೊಂಡೇ ಓಡಾಡಿದೆ ಕಣಮ್ಮ. ಯಾಕೆ ಹಂಗಂದ ಅಂತ ಇವತ್ತು ಗೊತ್ತಾಯ್ತು."

ಎರಡೂ ಕಡೆಯ ಮಾತಿನ ಮರ್ಮ ಬಿಡಿಸಿ ಹೇಳಬಲ್ಲವರೇ ತಮಗೆ ಬೇಕಾಗಿರುವುದು, ಸೋಮವಾರದಿಂದ ಬನ್ನಿ ಎಂದರು. ಇನ್ನೊಬ್ಬರು ಬೇಕು, ಹೊರಗಿರುವವರನ್ನು ಕಳಿಸಿ ಎಂದೂ ಸೇರಿಸಿದರು.

ಹೊರಗೆ ರಿರಿನ್ ಉಗುರು ಕಚ್ಚುತ್ತ ಕೂತಿದ್ದಳು.

"ಸಿಕ್ತೇನೇ? ಕಷ್ಟದ್ದು ಏನ್ ಕೇಳಿದ್ರು?"

"ಸಿಕ್ತು ಕಣೇ. ಏಳು, ನಿನ್ನ ಸರದಿ" ಎಂದು ವೆನಿಂಗ್ ಅವಳ ಹೆರಳು ಸರಿಮಾಡಿದಳು. "ಕಳ್ಳತನದ ಬಗ್ಗೆ ಕೇಳ್ತಾರೆ. ನೆವರ್ ಅನ್ನು. ಎಲ್ಲಿ, ಒಂದ್ಸಲ ಅನ್ನು ನೋಡೋಣ."