ಫ್ಯಾನಿನ ಸದ್ದು ತೆಗೆದ ಮೇಲೆ

ಪರದೆಯ ಮೇಲೆ ಹಸಿರು ಪಟ್ಟಿ ಏರುತ್ತಿದೆ, ಇಳಿಯುತ್ತಿದೆ, ದನಿ ಓಡುತ್ತಿದೆ ಎಂದೇ ಅರ್ಥ, ಆದರೆ ಫೌಸ್ಟಿನ್‌ನ ಹೆಡ್‌ಫೋನಿನಲ್ಲಿ ಏನೂ ಇಲ್ಲ, ನಿನ್ನೆ ಇತ್ತು, ಬೆಳಿಗ್ಗೆ ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಲಾ ಎಂದು ಕೇಳಿತು, ಇವನು ಹೂಂ ಎಂದ, ಅಷ್ಟೇ — ಪುಕ್ಕಟೆ ಸಿಕ್ಕಿದ್ದಕ್ಕೆ ಯಾರ ಹತ್ತಿರ ಜಗಳಾಡುವುದು, ಕಟಪಾಡಿಯ ಗೆಳೆಯ ಡೆರಿಕ್ ಈ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಡುವಾಗಲೇ ಹೇಳಿದ್ದ, ಲಿನಕ್ಸ್ ಹಾಗೆಯೇ ಮಾರಾಯ, ಎಲ್ಲ ಉಂಟು, ಎಲ್ಲಿ ಉಂಟು ಅಂತ ನೀನೇ ಹುಡುಕಬೇಕು. ಗುಜರಿಗೆ ಹಾಕಿ ಎಂದು ಅಂಗಡಿಯವರು ಕೈಬಿಟ್ಟ ಲ್ಯಾಪ್‌ಟಾಪ್, ಕಲ್ಯಾಣಪುರದ ಈ ಊಟದ ಮೇಜಿನ ಮೇಲೆ ಸ್ಟುಡಿಯೋದ ಕೆಲಸ ಮಾಡುತ್ತದೆ, ಸದ್ದು ಬಂದರೆ. ಸದ್ದು ಬಂದರೆ ಸೋಫಿಯಾ ಮಾತಾಡುತ್ತಾಳೆ. ಆಪರೇಷನ್ನಿಗೆ ಮಣಿಪಾಲಕ್ಕೆ ಹೋಗುವ ಹಿಂದಿನ ದಿನ ಹೆಂಡತಿಯನ್ನು ಇಲ್ಲೇ ಕೂರಿಸಿ, ರೆಕಾರ್ಡ್ ಒತ್ತಿ, ಏನಾದರೂ ಹೇಳು ಎಂದಿದ್ದ, ಎಂತ ಹೇಳುವುದು, ಬಂಗುಡೆ ಸಾರು ಹೇಳ್ತೇನೆ, ನಾನು ಇಲ್ಲದಿದ್ದರೆ ನಿಮಗೆ ಬೇಕಾಗ್ತದೆ — ಅವಳು ಉಳಿದಳು, ಗಂಟಲಿನ ಗಡ್ಡೆಯೊಂದಿಗೆ ದನಿ ಹೋಯಿತು, ಈಗ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಾಳೆ, ಅವನನ್ನು ಕರೆಯಬೇಕಾದರೆ ಚಪ್ಪಾಳೆ, ಮೊದಮೊದಲು ಅವಳ ಪಾಲಿನದನ್ನೂ ಇವನೇ ಮಾತಾಡಿದ, ಆಮೇಲೆ ಒಬ್ಬನೇ ಮಾತಾಡುವುದು ನಾಚಿಕೆಯಾಗಿ ಬಿಟ್ಟುಬಿಟ್ಟ.

ಯಾವುದೋ ದೇಶದ, ಮುಖ ಗೊತ್ತಿಲ್ಲದ ಒಬ್ಬ ಇಂಟರ್ನೆಟ್ಟಿನಲ್ಲಿ ಬರೆದಿಟ್ಟಿದ್ದಾನೆ, ಅಪ್‌ಡೇಟ್ ಆದ ಮೇಲೆ ಸದ್ದು, ಜೋಡಿಸಿಯೇ ಇರದ ಟಿವಿಯ ಕಡೆ ಹೋಗುತ್ತದೆ, ಪಟ್ಟಿಯಲ್ಲಿ ಹೆಡ್‌ಫೋನ್ ಆರಿಸಿ — ಆರಿಸಿದ, ಬಂದಳು, ಫ್ಯಾನಿನ ಗುರ್ರ್ ಸಮೇತ. ಬರೀ ಫ್ಯಾನ್ ಇರುವ ತುಂಡನ್ನು ತೋರಿಸಿದರೆ ಸಾಕು, ಸಾಫ್ಟ್‌ವೇರ್ ಇದ್ದಲ್ಲೆಲ್ಲ ಅದನ್ನು ಹುಡುಕಿ ಒರೆಸುತ್ತದೆ, ಒರೆಸಿತು, ಎಂಥಾ ಶುದ್ಧ, ಆದರೆ ಮಾತಿಗೆ ಮುಂಚೆ ಅವಳು ಎಳೆದುಕೊಳ್ಳುತ್ತಿದ್ದ ಆ ಸಣ್ಣ ಉಸಿರು ಎಲ್ಲಿ, ಅದೂ ಗದ್ದಲವೆಂದು ಹೋಗಿದೆ, ಡಬ್ಬಿಯೊಳಗೆ ಕೂತ ಯಾರೋ ಅಡುಗೆ ಹೇಳುತ್ತಿದ್ದಾರೆ. ಒರೆಸಿದ್ದನ್ನು ಹಿಂದಕ್ಕೆ ತಂದ. ಫ್ಯಾನ್ ಬಂತು, ಉಸಿರೂ ಬಂತು, ಇರಲಿ, ಹೀಗೆಯೇ ಇರಲಿ, ಅವಳಿಗೂ ಕೇಳಿಸಬೇಕು, ಖುಷಿಯಾದಾಳು, ಹೆಡ್‌ಫೋನ್ ಕಿತ್ತ, ಹುಣಸೆ ಜಾಸ್ತಿ ಹಾಕಬೇಡಿ, ನಿಮಗೆ ಆಗುವುದಿಲ್ಲ, ಮನೆಯೆಲ್ಲ ಸೋಫಿಯಾ, ಅಡುಗೆಮನೆಯಲ್ಲಿ ಪಾತ್ರೆ ನಿಂತಿತು. ಬಂದು ಅವನ ಪಕ್ಕ ನಿಂತಳು, ತುಟಿ ತೆರೆಯಿತು, ಕಡೆಗೆ ಎರಡು ಎಸಳು ಬೆಳ್ಳುಳ್ಳಿ ಎಂದಿತು ದನಿ, ತುಟಿಯೂ ಎಸಳು ಎಂದಿತು, ಶುಂಠಿ ಎಂದಿತು, ದನಿಗಿಂತ ಸ್ವಲ್ಪ ಹಿಂದೆ, ದನಿ ಕಾಯಲಿಲ್ಲ, ಮುಂದೆ ಹೋಯಿತು, ತುಟಿ ಮುಚ್ಚಿತು, ಅವನ ಭುಜದ ಮೇಲಿಂದ ಕೈ ಬಂತು, ಕೀಬೋರ್ಡಿನ ಉದ್ದದ ಕೀಲಿ ಒತ್ತಿತು, ದನಿ ನಿಂತಿತು, ಅವನು ಒತ್ತುವುದನ್ನು ನೋಡಿಯೇ ಕಲಿತಿರಬೇಕು — ಬೇಡವಾ ಸೋಫಿ, ನಿನಗೆ ಬೇಡವಾ, ಪರದೆಯ ಮೇಲೆ ಓಡುತ್ತಿದ್ದ ಗೆರೆ ನಿಂತಿದೆ, ಕೀಲಿಯ ಮೇಲೆ ಅವಳ ಬೆರಳು, ಅರಸಿನ ಹತ್ತಿದ ಒದ್ದೆ ಬೆರಳು, ಎತ್ತುತ್ತಿಲ್ಲ, ಉಗುರಿನ ತುದಿ ಬಿಳಿಚಿದೆ, ಬೆರಳು, ಒತ್ತಿಕೊಂಡೇ ಇದೆ