ಗುಸುಕುಮದ ಯಜಮಾನರು

ಚೀನಾದ ಹಡಗುಗಳು ನಾಹಾ ಬಂದರಿಗೆ ಬಂದವೆಂದರೆ ರ್ಯೂಕ್ಯು ದ್ವೀಪದಲ್ಲಿ ಸತ್ಸುಮದವರು ಮಾಯವಾಗುತ್ತಾರೆ. ಇದು ನಮ್ಮ ಮುತ್ತಜ್ಜಂದಿರ ಕಾಲದಿಂದ ನಡೆದು ಬಂದ ನಾಟಕ. ಜಪಾನಿನ ಆ ಸತ್ಸುಮದವರು ಕತ್ತಿ ಹಿಡಿದು ಬಂದು ನಮ್ಮನ್ನು ಗೆದ್ದರು. ಅವರಿಗೆ ಸಕ್ಕರೆ ಕೊಡುತ್ತೇವೆ. ಚೀನಾದ ಚಕ್ರವರ್ತಿಗೆ ಅಡ್ಡಬೀಳುತ್ತೇವೆ, ಅವನು ವ್ಯಾಪಾರ ಕೊಡುತ್ತಾನೆ. ಸತ್ಸುಮದವರು ನಮ್ಮ ನೆತ್ತಿಯ ಮೇಲೆ ಕೂತಿದ್ದಾರೆಂದು ಚೀನಾಕ್ಕೆ ತಿಳಿದರೆ ವ್ಯಾಪಾರ ನಿಲ್ಲುತ್ತದೆ. ವ್ಯಾಪಾರ ನಿಂತರೆ ಅದರ ಲಾಭ ತಿನ್ನುವ ಸತ್ಸುಮಕ್ಕೂ ಹೊಟ್ಟೆಗೆ ಹೊಡೆತ. ಹಾಗಾಗಿ ನಮ್ಮ ಹೊಸ ರಾಜನಿಗೆ ಕಿರೀಟ ತರುವ ಚೀನಾದ ದೂತರು ವಾಪಸು ಹೋಗುವ ತನಕ, ಸತ್ಸುಮದ ಅಧಿಕಾರಿಗಳು ಗುಸುಕುಮ ಹಳ್ಳಿಯಲ್ಲಿ ಅಡಗಿ ಕೂರುತ್ತಾರೆ. ಸೋತವರು ರಾಜಬೀದಿಯಲ್ಲಿ, ಗೆದ್ದವರು ಹಂದಿಗೂಡಿನ ಪಕ್ಕದಲ್ಲಿ. ಇಂಥ ದೇಶ ಬೇರೆಲ್ಲಾದರೂ ಇದ್ದರೆ ತೋರಿಸಿ.

ಈ ಸಲ ಅರಿಮುರ ಎಂಬ ಅಧಿಕಾರಿ ಮಕಾತು ಎಂಬ ವಿಧವೆಯ ಮನೆಗೆ ಬಿದ್ದ. ಬಿಟ್ಟು ಹೋಗಲು ಬಂದ ಊರ ಹಿರಿಯ ಅವಳನ್ನು ಪಕ್ಕಕ್ಕೆ ಕರೆದ.

"ನೋಡು ಮಕಾತು, ಈ ಪುಣ್ಯಾತ್ಮ ಏನಾದ್ರೂ ಚೀನಾದವರ ಕಣ್ಣಿಗೆ ಬಿದ್ನೋ, ಮೊದ್ಲು ನಿನ್ ತಲೆ ಹೋಗುತ್ತೆ. ಆಮೇಲೆ ನನ್ದು."

"ನಿಮ್ದು ಹೋದ್ರೆ ಅಂಥಾ ನಷ್ಟ ಏನಿಲ್ಲ ಬಿಡಿ ಹಿರೀಕ್ರೇ. ನನ್ದಿರೋದು ಒಂದೇ."

ಅರಿಮುರ ಕೆಟ್ಟವನಲ್ಲ, ಆದರೆ ಒಂದು ಲೋಟ ನೀರನ್ನೂ ತಾನೇ ಬಗ್ಗಿಸಿಕೊಂಡವನಲ್ಲ. ಬೆಳಿಗ್ಗೆ ಎದ್ದು ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ಕೂತನೆಂದರೆ ಮಧ್ಯಾಹ್ನದವರೆಗೂ ಹಾಗೇ. "ಚಹಾ," ಎನ್ನುತ್ತಿದ್ದ ಗೋಡೆಯ ಕಡೆ ನೋಡಿ. ಗೋಡೆ ತರುವುದಿಲ್ಲವಲ್ಲ, ಮಕಾತುವೇ ತರುತ್ತಿದ್ದಳು. ಆರು ವರ್ಷ ದ್ವೀಪದಲ್ಲಿದ್ದುದರಿಂದ ನಮ್ಮ ಭಾಷೆ ಪೂರಾ ಅರ್ಥವಾಗುತ್ತಿತ್ತು. ಬಾಯಿಬಿಟ್ಟರೆ ಮಾತ್ರ ಯಾವ ಊರಿನವನೆಂದು ಕುರುಡನಿಗೂ ಗೊತ್ತಾಗುವಂತಿತ್ತು.

ಒಂದು ದಿನ ಬಿಸಿಲೇರುವ ಹೊತ್ತಿಗೆ, ಹೇಳದೆ ಕೇಳದೆ, ದೂತರ ಜೊತೆಗೆ ಬಂದಿದ್ದ ಶ್ಯೂ ಎಂಬ ಚೀನಾದ ವೈದ್ಯ ದುಭಾಷಿಯನ್ನು ಕಟ್ಟಿಕೊಂಡು ಅವಳ ಅಂಗಳದಲ್ಲಿ ಬಂದು ನಿಂತ. ಬೇರುನಾರು ಹುಡುಕುತ್ತ ಗುಡ್ಡ ಹತ್ತಿದ್ದನಂತೆ, ಬಾಯಾರಿಕೆಯಂತೆ. ಜಗಲಿಯ ಮೇಲಿದ್ದ ಅರಿಮುರನಿಗೆ ಒಳಗೆ ಓಡಲು ಹೊತ್ತಿರಲಿಲ್ಲ. ಬೋಳಿಸಿದ ನೆತ್ತಿ ಬಿಸಿಲಿಗೆ ಮಿರಮಿರ ಮಿನುಗುತ್ತಿತ್ತು. ನಮ್ಮ ಗಂಡಸರು ಯಾರೂ ನೆತ್ತಿ ಬೋಳಿಸುವುದಿಲ್ಲ.

ಮಕಾತು ಕೈಗೆ ಸಿಕ್ಕಿದ ಒದ್ದೆ ಬಟ್ಟೆಯನ್ನು ಅವನ ತಲೆಗೆ ಬಿಗಿದು, ಬೇಯಿಸಿದ ಗೆಣಸಿನ ಬುಟ್ಟಿಯನ್ನು ತೊಡೆಯ ಮೇಲೆ ಕುಕ್ಕಿದಳು.

"ಹಲ್ಲುನೋವು ಅಂತ ನೆವ ಹೇಳ್ಕೊಂಡು ಎಷ್ಟ್ ದಿನ ಕೂತ್ಕೋತೀಯಯ್ಯಾ? ಗೆಣಸಾದ್ರೂ ಸುಲಿ!" ಎಂದು ಗದರಿ, ಅತಿಥಿಗಳ ಕಡೆ ತಿರುಗಿದಳು. "ನಮ್ಮ ಯಜಮಾನ್ರು. ಮಾತಾಡಲ್ಲ, ದುಡಿಯಲ್ಲ, ಊಟಕ್ಕೆ ಮಾತ್ರ ತಪ್ಪಿಸಲ್ಲ. ಕೂತ್ಕೊಳ್ಳಿ, ಚಹಾ ತರ್ತೀನಿ."

ಸತ್ಸುಮದ ಸರದಾರನ ಕಿವಿ ಕೆಂಪಾಯಿತು. ಬಾಯಿ ಬಿಡುವಂತಿಲ್ಲ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಶ್ಯೂ ಮಹಾಶಯ ಚಹಾ ಕುಡಿಯುತ್ತ ಕೂತ, ಏಳುವ ಲಕ್ಷಣವೇ ಕಾಣಲಿಲ್ಲ, ನೋಟವೆಲ್ಲ ಯಜಮಾನರ ಮೇಲೇ. ಆ ನೋಟ ತಪ್ಪಿಸಲು ಮಕಾತು ಬೈಯುತ್ತಲೇ ಹೋದಳು. ಬೈಗುಳಕ್ಕೆ ಬರವೇ?

"ಕಬ್ಬು ನೆಟ್ಟೋಳು ನಾನು, ಕಡಿದೋಳು ನಾನು, ಬೆಲ್ಲ ಕಾಸಿ ಕೈ ಸುಟ್ಕೊಂಡೋಳು ನಾನು. ಹೊತ್ಕೊಂಡು ಹೋಗೋಕೆ ಮಾತ್ರ ನೀನು! ನಾಲಿಗೆ ಮೇಲೆ ಇಡೋಕೆ ಒಂದು ಚೂರಾದ್ರೂ ಉಳಿಸಿದ್ಯಾ?"

ಅರಿಮುರನ ಕೈಯಲ್ಲಿ ಗೆಣಸು ಹಿಟ್ಟಾಯಿತು.

"ಆ ವರ್ಷ ಹೋಗ್ಬೇಡ ಅಂದೆ. ಗಾಳಿ ಸರಿಯಿಲ್ಲ, ಸಮುದ್ರ ಕಪ್ಪಾಗಿದೆ ಅಂದೆ. ಸಕ್ಕರೆ ಹಡಗು ಹೊರಡ್ಲೇಬೇಕು, ಅಪ್ಪಣೆಯಾಗಿದೆ ಅಂದೆ ನೀನು. ಹೋದೆ. ಹಡಗು ಮುಳುಗಿದ್ಮೇಲೆ ಎಲ್ರ ಮನೆ ಬಾಗಿಲಿಗೂ ಹೆಣವಾದ್ರೂ ಬಂತು, ನನ್ ಬಾಗಿಲಿಗೆ ಅದೂ ಬರ್ಲಿಲ್ಲ ಕಣೋ. ಒಂದು ಚಪ್ಪಲೀನೂ ಸಿಗ್ಲಿಲ್ಲ..."

ಯಾರಿಗೆ ಬೈಯುತ್ತಿದ್ದೇನೆಂಬುದು ಅವಳಿಗೇ ಮರೆತುಹೋಗಿತ್ತು. ಕಣ್ಣೀರು ಗಲ್ಲಕ್ಕಿಳಿದ ಮೇಲೆ ಎಚ್ಚರವಾಗಿ, ತೋಳಿನಲ್ಲೇ ಒರೆಸಿಕೊಂಡು, "ಇನ್ನೊಂದ್ ಲೋಟ ಕುಡೀತೀರಾ?" ಎಂದಳು.

ದುಭಾಷಿ ಈ ಅಷ್ಟನ್ನೂ ಚೀನೀ ಭಾಷೆಯಲ್ಲಿ ಮೂರು ಮಾತಿಗೆ ಮುಗಿಸಿದ. ಶ್ಯೂ ಲೋಟ ಕೆಳಗಿಟ್ಟು, ಎದ್ದು, ಏನೋ ಹೇಳಿದ.

"ನಿಮ್ಮ ಯಜಮಾನ್ರಂಥಾ ತಾಳ್ಮೆಯವರನ್ನ ಇವರು ಎಲ್ಲೂ ಕಂಡಿಲ್ವಂತೆ," ಎಂದ ದುಭಾಷಿ, ನೆಲ ನೋಡುತ್ತ. "ಗೆಣಸನ್ನ ಕತ್ತಿ ಹಿಡಿ ಹಿಡಿದ ಹಾಗೆ ಹಿಡೀಬಾರ್ದು ಅಂತ ಯಾರಾದ್ರೂ ಹೇಳಿಕೊಡ್ಬೇಕಂತೆ. ತಮ್ಮ ದೂತರು ಹಳ್ಳಿ ಕಡೆ ಬಂದ್ರೆ ಅಂಥದ್ದೆಲ್ಲ ನೋಡದೆ ಇರೋಕಾಗಲ್ಲ ನೋಡಿ, ಅದಕ್ಕೇ ತಮ್ಮವರೇ ಅವರನ್ನ ಈ ಕಡೆ ಬಿಡಲ್ವಂತೆ."

ಅವರು ಗುಡ್ಡ ಇಳಿದು ಮರೆಯಾದರು. ಹಾಲು ಕುಡಿಯುವ ಬೆಕ್ಕಷ್ಟೇ ಅಲ್ಲ, ಹಾಲಿಟ್ಟವರೂ ಕಣ್ಣು ಮುಚ್ಚಿಕೊಂಡಿದ್ದರು!

ಮಕಾತು ಅಂಗಳದ ಮಣ್ಣಿನಲ್ಲಿ ಹಣೆಯಿಟ್ಟು ಬಿದ್ದಳು. "ದೊರೆಗಳೇ, ಬೇರೆ ದಾರಿ ಇರ್ಲಿಲ್ಲ. ತಲೆ ತೆಗೆಯೋದಾದ್ರೆ ಬೇಗ ತೆಗೀರಿ, ಹಂದಿಗೆ ಮೇವು ಹಾಕೋರು ಯಾರೂ ಇಲ್ಲ, ಅದನ್ನ ಮಾತ್ರ ಪಕ್ಕದ್ಮನೆಯವ್ರಿಗೆ ಕೊಡ್ಸಿ."

ಅರಿಮುರ ತಲೆಯ ಬಟ್ಟೆ ಬಿಚ್ಚಿದ.

"ನಿನ್ನ ಶಿಕ್ಷಿಸ್ಬೇಕು ಅಂದ್ರೆ ಯಾಕೆ ಅಂತ ಹೇಳ್ಬೇಕು. ಚೀನಾದವನು ನನ್ನ ನೋಡಿದ ಅಂತ ಹೇಳಿದ್ರೆ ಮೊದ್ಲು ನಾನು ಹೊಟ್ಟೆ ಕೊಯ್ದುಕೋಬೇಕು. ಇವತ್ತು ಇಲ್ಲಿಗೆ ಯಾರೂ ಬಂದಿಲ್ಲ."

"ಇಲ್ಲ ದೊರೆ."

"ನೀನು ಬೈದಿಲ್ಲ."

"ನಾನ್ಯಾಕೆ ಬೈತೀನಿ ದೊರೆ."

ಅವಳು ಎದ್ದು ಹಂದಿಗೂಡಿನ ಕಡೆ ಹೊರಟಳು. ಹಿಂದಿನಿಂದ ಅವನ ದನಿ ಬಂತು, ಈ ಸಲ ಗೋಡೆಗಲ್ಲ.

"ಆ ಹಡಗು. ಐದು ವರ್ಷದ ಹಿಂದೆ, ಬಿರುಗಾಳಿ ತಿಂಗಳಲ್ಲಿ ಹೊರಟಿದ್ದಾ?"

"ಹೌದು."

"ಗಾಳಿ ತಿರುಗೋವರೆಗೂ ತಡೀರಿ ಅಂತ ನಿಮ್ಮ ನಾವಿಕರು ಬಂದು ಕಾಲು ಹಿಡಿದಿದ್ರು. ಹೊರಡಿಸಿದ್ದು ನಾನು."

ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಮಂಡಿ ನೆಲಕ್ಕೂರಿದ ಸದ್ದು, ಆಮೇಲೆ ಅಂಗೈ, ಆಮೇಲೆ ಹಣೆ. ತಿರುಗಿ ನೋಡಬೇಕೆಂದು ಮಕಾತುವಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು, ಅವನ ನೆತ್ತಿಗೆ ಒನಕೆಯಲ್ಲಿ ಬಡಿಯಬೇಕೆಂದೂ ಅಷ್ಟೇ ಆಸೆಯಾಯಿತು. ನೋಡಿದರೆ ನಾಚಿಕೆಗೆ ಅವನು ಬದುಕುವವನಲ್ಲ, ಬಡಿದರೆ ಊರು ಉಳಿಯುವುದಿಲ್ಲ. ಅವಳು ಹಂದಿಯ ಬೆನ್ನು ತುರಿಸುತ್ತ, ಅವನು ಎದ್ದು ಕೂರುವ ಸದ್ದಿಗಾಗಿ ಕಾದಳು.