ಸಹಿ ಹಾಕಿಸಿಕೊಂಡ ಸಮೀಕ್ಷೆ

ವಿಶ್ವವಿದ್ಯಾಲಯದ ಮೂರನೇ ಕೌಂಟರಿನ ಗುಮಾಸ್ತರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಸಹಿಯಿಲ್ಲದ ಒಂದೇ ಒಂದು ಅರ್ಜಿ ಅವರ ಕೈ ದಾಟಿ ಒಳಗೆ ಹೋದದ್ದಿಲ್ಲ. ಪರೀಕ್ಷೆಯದಿರಲಿ, ಹಾಸ್ಟೆಲಿನದಿರಲಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವರು ಮೊದಲು ನೋಡುತ್ತಿದ್ದದ್ದೇ ಕೊನೆಯ ಸಾಲನ್ನು.

ಹೀಗಿರುವಾಗ ವಿದ್ಯಾರ್ಥಿಗಳ ಸಮೀಕ್ಷೆ ನಡೆಸುತ್ತಿದ್ದ ಮೇಡಂ ಒಬ್ಬರು ಇನ್ನೂರು ಫಾರಂ ತಂದು, “ಸ್ಟೂಡೆಂಟ್ಸ್ ಹತ್ರ ತುಂಬಿಸಿ ಇಸ್ಕೊಳ್ಳಿ ಮಾವ” ಎಂದು ಕೊಟ್ಟುಹೋದರು. ಇದು ನಿಮ್ಮ ಜಾಗ ಅನ್ನಿಸುತ್ತದೆಯೇ? ಯಾರಾದರೂ ಭೇದ ಮಾಡಿದ್ದಾರೆಯೇ? ಮನಸ್ಸಿನಲ್ಲಿದ್ದದ್ದನ್ನು ಹೆದರದೆ ಹೇಳಬಲ್ಲಿರಾ? ಇವು ಪ್ರಶ್ನೆಗಳು. ಮಾವ ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದರು.

“ಸಹಿ ಎಲ್ಲಪ್ಪಾ?”

“ಸಹಿ ಹಾಕೋಕೆ ಜಾಗಾನೇ ಇಲ್ವಲ್ಲ ಮಾವ.”

“ಮೂಲೇಲಿ ಹಾಕು. ನಂಬರೂ ಬರಿ. ಕಳೆದುಹೋದ್ರೆ ನಿಂದು ಅಂತ ಹೇಗೆ ಗೊತ್ತಾಗ್ಬೇಕು?”

ಮೂರನೇ ದಿನ ಬಂದ ಮೇಡಂ ಕಟ್ಟು ಬಿಚ್ಚಿ ತಲೆ ಮೇಲೆ ಕೈಹೊತ್ತರು. “ಯಾರು ಬರೆದದ್ದು ಅಂತ ಗೊತ್ತಾಗ್ಬಾರ್ದು ಮಾವ, ಅದೇ ಇದರ ಜೀವ! ನೋಡಿ, ಮೇಲಿನ ಹತ್ತು ಫಾರಂನಲ್ಲೂ ಈ ಜಾಗ ಸ್ವರ್ಗ. ಸಹಿ ಹಾಕಿ ಯಾರು ನಿಜ ಬರೀತಾರೆ? ಓದದೆ ಹರಿದುಹಾಕಿ. ನಾಳೆ ಹೊಸದು ಕೊಡ್ತೀನಿ.”

ಮುಖ ಸಪ್ಪಗೆ ಮಾಡಿಕೊಂಡು ಮಾವ ಹರಿಯುತ್ತ ಕೂತರು. ಮಧ್ಯದಲ್ಲೊಂದು ಫಾರಂ ತುಂಬ ಅಕ್ಷರ. ಕಣ್ಣು ಹಾಯಿತು; ಹಾಯ್ದದ್ದು ನಿಲ್ಲಲಿಲ್ಲ.

‘ಮೂರು ವರ್ಷವಾಯಿತು. ಮೂರನೇ ಕೌಂಟರಿನಲ್ಲಿ ನಾನಿನ್ನೂ “ದೂರದೂರು”. ನನ್ನ ಮಾತಿನ ಧಾಟಿಯಲ್ಲೇ ನನ್ನನ್ನು ಮಾತಾಡಿಸುತ್ತಾರೆ. ಸಾಲಿನಲ್ಲಿದ್ದವರು ನಗುತ್ತಾರೆ. ನಾನೂ ನಗುತ್ತೇನೆ. ಅವರು ಒಳ್ಳೆಯವರು, ಅದಕ್ಕೇ ಹೇಳಲಾಗುವುದಿಲ್ಲ.’

ಮೂಲೆಯಲ್ಲಿ ಸಹಿ, ನಂಬರು.

ಮುದ್ದಿಗೆ ಕರೆದ ಹೆಸರದು! ಹರಿದುಹಾಕಿದರೆ ಕೇಳುವವರಿಲ್ಲ, ಮೇಡಮ್ಮೇ ಹೇಳಿಹೋಗಿದ್ದಾರೆ. ಕಾಗದದ ಅಂಚಿಗೆ ಬಂದ ಬೆರಳು ಅಲ್ಲೇ ನಿಂತಿತು. ಮಾವ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಸರ್ಟಿಫಿಕೇಟಿಗೆಂದು ಬಂದ ಹುಡುಗಿ ಎಂದಿನ ನಗುವನ್ನು ಮೊದಲೇ ಸಿದ್ಧಮಾಡಿಕೊಂಡಿದ್ದಳು. ಮಾವ ಏನೂ ಅಣಕಿಸದೆ ಜೇಬಿನಲ್ಲಿದ್ದ ಅವಳ ಫಾರಂ ತೆಗೆದು ಮುಂದೆ ತಳ್ಳಿದರು. “ಓದ್ಬಾರ್ದಿತ್ತು, ಓದ್ಬಿಟ್ಟೆ. ನೀನೇ ಹರಿದುಹಾಕಮ್ಮ. ಹೊಸದಕ್ಕೆ ಸಹಿ ಬೇಡ. ತುಂಬಿದ್ದನ್ನ ಹಾಕೋಕೆ ಡಬ್ಬಿ ಲೈಬ್ರರೀಲಿಡಿಸಿದೀನಿ, ನಾನು ಆ ಕಡೆ ತಲೆ ಹಾಕಲ್ಲ.”

ಹುಡುಗಿಯ ಕಿವಿ ಕೆಂಪಾಯಿತು. “ನೀವು ಸಹಿ ಕೇಳಿದಾಗ ಬರೆದದ್ದೆಲ್ಲಾ ಹೊಡೆದುಹಾಕೋಣ ಅಂದ್ಕೊಂಡೆ. ಆಮೇಲೆ, ಬಾಯಲ್ಲಂತೂ ಹೇಳಕ್ಕಾಗಿಲ್ಲ, ಕಾಗದನಾದ್ರೂ ಹೇಳ್ಲಿ ಅಂತ ಧೈರ್ಯ ಮಾಡ್ದೆ.”

“ನಾನು ಪ್ರೀತಿಗೆ ಅಂತಲೇ…”

“ಗೊತ್ತು ಮಾವ. ಪ್ರೀತಿಯಿಂದ್ಲೇ ನನ್ನ ಹೆಸರು ಹಿಡಿದು ಕರೀಬಹುದಲ್ವಾ?”

ಮಾವ ಸರ್ಟಿಫಿಕೇಟು ನೋಡಿದರು. ಎಷ್ಟು ಸಲ ಮೊಹರು ಒತ್ತಿದ ಹೆಸರು! ಒಮ್ಮೆಯೂ ಬಾಯಿಬಿಟ್ಟು ಅಂದಿರಲಿಲ್ಲ. ಅಂದರು. ನಡುವೆ ನಾಲಗೆ ತೊಡರಿತು. ಅವಳು ತಿದ್ದಿದಳು. ಮತ್ತೆ ಅಂದರು.

“ಮಾವ, ನಮ್ಮದೂ ಸ್ವಲ್ಪ ನೋಡಿ!” ಸಾಲಿನಿಂದ ಯಾರೋ ಕೂಗಿದರು.

“ತಡ್ಕೊಳ್ರೋ, ಪಾಠ ನಡೀತಿದೆ” ಎಂದು ಗದರಿ, ಮಾವ ಗಂಟಲು ಸರಿಮಾಡಿಕೊಂಡರು.

ಮೂರನೇ ಸಲಕ್ಕೆ ಅವಳು ಸರಿಯೆಂದು ತಲೆಯಾಡಿಸಿದಳು.